ಇನ್ನೊಂದು ಕಾಲು

ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ ಚರ್ಚಿನಲ್ಲಿ ಪಾದ್ರಿಗಳು ವರ್ಷಕ್ಕೊಮ್ಮೆ ಹನ್ನೆರಡು ಜನರ ಬಲಗಾಲು ತೊಳೆಯುತ್ತಾರೆ. ಈ ಸಲ ಅವರಲ್ಲೊಬ್ಬ ಪೇಂಟರ್. ಅವನು ಮನೆಯಲ್ಲೇ ಸೀಮೆಎಣ್ಣೆ ಹಾಕಿ ಬಲಗಾಲನ್ನಷ್ಟೇ ಉಜ್ಜಿ ಉಜ್ಜಿ ತೊಳೆದ. ದೇವರ ಮುಂದೆಯೂ ದೊಡ್ಡಸ್ತಿಕೆ.

"ಎಡಗಾಲು ಏನ್ ಪಾಪ ಮಾಡಿತ್ತು?" ಎಂದಳು ಹೆಂಡತಿ.

"ಅದನ್ನ ಯಾರು ನೋಡ್ತಾರೆ, ಸುಮ್ನಿರೇ," ಎಂದು ಅದಕ್ಕೆ ಕಾಲುಚೀಲ ಏರಿಸಿದ.

ಮಂಡಿಯೂರಿದ ಮುದಿ ಪಾದ್ರಿಗಳಿಗೆ ಸೀಮೆಎಣ್ಣೆಯ ವಾಸನೆ ಬಡಿಯಿತು. ಬಲಗಾಲು ತೊಳೆದು ಒರೆಸಿ, "ಅದನ್ನೂ ಕೊಡಪ್ಪ," ಎಂದರು.

ಕಾಲುಚೀಲ ಕಳಚಿತು. ಒಡೆದ ಹಿಮ್ಮಡಿಯ ಬಿರುಕುಗಳಲ್ಲಿ ಅದೇ ಚರ್ಚಿನ ಗೋಡೆಯ ಹಳದಿ ಬಣ್ಣ. ಎಲ್ಲರೂ ನೋಡುತ್ತಿದ್ದರು. ಪೇಂಟರ್ ನಾಚಿಕೆಯಿಂದ ಹಿಡಿಯಷ್ಟಾದ.

ಪಾದ್ರಿಗಳು ತೊಳೆದು, ಆ ಹಿಮ್ಮಡಿಗೇ ಮುತ್ತಿಟ್ಟು ಮೆಲ್ಲಗೆ ಕೇಳಿದರು: "ಈಗ ನಿನ್ ಗುರುತು ಸಿಕ್ತು. ಆ ಇನ್ನೊಂದು ಕಾಲು ಯಾರ್ದಪ್ಪಾ?"

ತಗ್ಗಿಸಿದ ತಲೆ ಎತ್ತದೆಯೇ ಪೇಂಟರ್ ನಕ್ಕುಬಿಟ್ಟ.