ಗೇಟಿನಾಚೆ ನಿಂತ ಸೈಕಲ್ಲು

ಗುರುಪಾದಸ್ವಾಮಿಯವರು ನಡೆಯುವಾಗ ಎಡಗೈ ಸದಾ ಗೋಡೆಯನ್ನು ಸವರುತ್ತಿರುತ್ತದೆ. ಹನೂರಿನ ಸರ್ಕಾರಿ ಕಚೇರಿಯೊಂದರ ಆವರಣವನ್ನು ದಿನಕ್ಕೆ ನಾಲ್ಕು ಸುತ್ತು ಹಾಕುವ ಈ ಕಾವಲುಗಾರರಿಗೆ, ಹೊಸದಾಗಿ ಅಂಟಿಸಿದ ಕಾಗದ ಕಣ್ಣಿಗೆ ಬೀಳುವ ಮುನ್ನವೇ ಬೆರಳಿಗೆ ಸಿಕ್ಕಿಬಿಡುತ್ತದೆ. ಮೊಣಕೈ ಸವೆದ ಖಾಕಿ ಕೋಟಿನ ಜೇಬಿನಲ್ಲಿ ಒದ್ದೆ ಬಟ್ಟೆ, ಮೊಂಡು ಬ್ಲೇಡು. 'ಈ ಆವರಣದಲ್ಲಿ ಮಾರಾಟ, ಜಾಹೀರಾತು, ಚಂದಾ ವಸೂಲಿ ನಿಷೇಧಿಸಲಾಗಿದೆ' ಎಂಬ ಫಲಕವನ್ನು ಓದಿದವರು ಸಾವಿರ ಮಂದಿ. ನಂಬಿದವರು, ನಾನು ಕಂಡಂತೆ, ಇವರೊಬ್ಬರೇ.

ಹಟಮಾರಿ ನಿಜ, ನಿರ್ದಯಿಯಲ್ಲ. ಯಾರ ಕಾಗದವನ್ನೂ ಹರಿದವರಲ್ಲ. ನೆನೆಸಿ, ಇಡಿಯಾಗಿ ಬಿಡಿಸಿ, ಒಣಗಿಸಿ, ಅಂಟಿಸಿದವರಿಗೇ ಕೊಡುತ್ತಾರೆ. ಬೆಟ್ಟದಿಂದ ನೆಲ್ಲಿಕಾಯಿ ತರುವ ದೊಡ್ಡತಾಯಮ್ಮ ಒಳಗೆ ಕೂತರೆ, ಬುಟ್ಟಿಯನ್ನು ತಾವೇ ಹೊತ್ತು ಗೇಟಿನಾಚೆ ಇಳಿಸಿ, ಅಲ್ಲೇ ಬೋಣಿ ಮಾಡುತ್ತಾರೆ. ಅಯ್ಯೋ, ಇಷ್ಟು ಬಿಗಿ ಯಾಕೆ ಸ್ವಾಮಿ ಎಂದು ನನಗೇ ಎಷ್ಟೋ ಸಲ ಸಿಟ್ಟು ಬಂದಿದೆ. ಅವರ ಮೃದುತ್ವವೆಲ್ಲ ಹಳೆಯ ಸೈಕಲ್ಲೊಂದರ ಮೇಲೆ. ಆವರಣದ ಬೇವಿನ ನೆರಳು ಬಿಟ್ಟು ಅದನ್ನು ಅವರು ಬೇರೆಲ್ಲೂ ನಿಲ್ಲಿಸುತ್ತಿರಲಿಲ್ಲ.

ಮಗಳು ಸೌಮ್ಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟು ಮೂರು ತಿಂಗಳಾಗಿತ್ತು. ಗಿರಾಕಿಗಳ ಸುಳಿವಿಲ್ಲ, ಆ ತಿಂಗಳೂ ಹಾಗೇ ಕಳೆದರೆ ಬಾಗಿಲು ಹಾಕುವುದೇ ಸೈ. ಪಿಂಚಣಿಗೆಂದು ಹೆಂಗಸರು ಸಾಲುಗಟ್ಟುವ ಗೋಡೆಗೆ ಅವಳೊಂದು ಬೆಳಿಗ್ಗೆ ಅಂಗಡಿಯ ಜಾಹೀರಾತು ಅಂಟಿಸಿದಳು. ಅಪ್ಪ ಕಾಯುವ ಗೋಡೆ ತಾನೆ! ಹತ್ತು ಗಂಟೆಗೆ ಅಪ್ಪನ ಬೆರಳು ಅಲ್ಲಿಗೂ ಬಂತು.

"ಮಗಳ್ದು ಕಣ್ರಿ, ಬುಡಿ ಅತ್ಲಾಗೆ," ಎಂದರು ಗುಮಾಸ್ತ ಪ್ರಭುಸ್ವಾಮಿ.

"ಬುಟ್ರೆ ನಾಳಿಕ್ಕೆ ದೊಡ್ಡತಾಯಮ್ಮನ ಮೊಕ ಎಂಗ್ ನೋಡ್ಲಿ ಸಾ?" ಎಂದು ಗುರುಪಾದಸ್ವಾಮಿಯವರು ಒದ್ದೆ ಬಟ್ಟೆ ತೆಗೆದರು.

ಸಂಜೆ ಆ ಕಾಗದ ಕೈಗೆ ಬಂದಾಗ ಸೌಮ್ಯ ಅತ್ತುಬಿಟ್ಟಳು. "ನಂಗಿಂತ ಆ ಗ್ವಾಡೆನೇ ಎಚ್ಚಾಯ್ತೇನಪ್ಪಾ ನಿಂಗೆ?" ಅಪ್ಪನಿಗೆ ಅಂದು ಊಟ ಸೇರಲಿಲ್ಲ.

ಮರುದಿನ ಅದೇ ಕಾಗದವನ್ನು ರಟ್ಟಿಗೆ ಅಂಟಿಸಿ, ಸೈಕಲ್ಲಿಗೆ ಕಟ್ಟಿಕೊಂಡು, ಪೇಟೆಯೆಲ್ಲ ಬಳಸಿ ಬಂದರು. ಗೇಟಿನ ಬಳಿ ಇಳಿದರು. ಜಾಹೀರಾತು ಹೊತ್ತ ಸೈಕಲ್ಲು ಒಳಗೆ ಬರುವಂತಿಲ್ಲವಲ್ಲ! ಹೋಗಿಬರುವ ಹೆಂಗಸರಿಗೆ ಕಾಣುವಂತೆ ಅದನ್ನು ಸುಡುಬಿಸಿಲಲ್ಲಿ ನಿಲ್ಲಿಸಿ, ತಾವೊಬ್ಬರೇ ಒಳಗೆ ನಡೆದರು.

ಇಂದಿಗೂ ಅದು ಅಲ್ಲೇ ನಿಲ್ಲುತ್ತದೆ; ಅಂಗಡಿಯೂ ಮುಚ್ಚಿಲ್ಲ. ಕಾದ ಸೀಟಿನ ಮೇಲೆ ಈಗ ಗಿರಾಕಿಗಳ ರವಿಕೆಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಕೂಡಿಸಿ ಹೊಲಿದ ಬಣ್ಣಬಣ್ಣದ ಗವಸು. "ಮಗಳು ಒಲ್ದಿರೋದು ಸಾ," ಎಂದರು ನನಗೆ, ಕೇಳದಿದ್ದರೂ.

ನಿಯಮ ಕಂಡೊಡನೆ ತನ್ನವರಿಗೊಂದು ಕಿಂಡಿ ಹುಡುಕುವವರೇ ತುಂಬಿದ ಲೋಕವಿದು. ಇಂಥವರು ಮಾತ್ರ ತಮ್ಮ ಮಮತೆಯನ್ನು ಗೇಟಿನಾಚೆ ಬಿಸಿಲಲ್ಲಿ ನಿಲ್ಲಿಸಿ, ಒಳಗೆ ಬಂದು ಗೋಡೆ ಸವರುತ್ತಾರೆ.