ಇನ್ನೊಂದು ಬೀಗದ ಕೈ

ಆಟಿಸಂ ಇರುವ ಮಗಳು ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ಒಬ್ಬಳೇ ಬೇರೆ ಮನೆ ಮಾಡಿ ಮೂರು ವಾರವಾಗಿತ್ತು. "ಅವಳೇ ಅಡುಗೆ ಮಾಡ್ಕೋತಾಳೆ, ಅವಳೇ ಬಟ್ಟೆ ಒಗ್ಕೋತಾಳೆ ಅಮ್ಮಾ," ಎಂದು ಟೀಚರ್ ಫೋನಿನಲ್ಲಿ ಹೇಳಿದಾಗಲೆಲ್ಲ ತಾಯಿಯ ತಲೆಯೊಳಗೆ ಅನುಮಾನದ ಹುಳು ಕೊರೆಯುತ್ತಿತ್ತು. ಇಷ್ಟು ವರ್ಷ ಮಗಳ ತಲೆ ಬಾಚಿದವಳು ತಾನು. ನಿನ್ನೆ ಮೊನ್ನೆ ಬಂದ ಈ ಟೀಚರಮ್ಮ, ವಾರಕ್ಕೆರಡು ದಿನ ಮನೆಗೆಲಸ ಕಲಿಸುವ ಹೆಸರಿನಲ್ಲಿ ಎಲ್ಲ ತಾನೇ ಮಾಡಿಟ್ಟು ಕಣ್ಣಿಗೆ ಮಣ್ಣೆರಚುತ್ತಿಲ್ಲ ಎಂದು ಏನು ಗ್ಯಾರಂಟಿ?

ಮಗಳು ಲಾಂಡ್ರಿಗೆ ಬಟ್ಟೆ ಮಡಿಸುವ ಕೆಲಸಕ್ಕೆ ಹೋದ ಹೊತ್ತು ನೋಡಿ, ತನ್ನ ಹತ್ತಿರವಿದ್ದ ಇನ್ನೊಂದು ಬೀಗದ ಕೈಯಿಂದ ತಾಯಿ ಒಳಗೆ ನುಗ್ಗಿದಳು. ಸ್ಟವ್ ಪಳಪಳ ಹೊಳೆಯುತ್ತಿತ್ತು. ಒಂದೇ ಅಳತೆಯ ಡಬ್ಬಿಗಳು ಗೆರೆ ಎಳೆದ ಹಾಗೆ ಸಾಲಾಗಿದ್ದವು. ಇದು ನನ್ನ ಮಗಳ ಕೈಕೆಲಸವಲ್ಲ, ಆ ಟೀಚರಮ್ಮನ ಬಣ್ಣ ಇವತ್ತು ಬಯಲಾಗಲೇಬೇಕು, ಡಬ್ಬಿ ಅದಲುಬದಲಾದರೆ ದಿನಾ ಅಡುಗೆ ಮಾಡುವವಳಿಗೆ ಮಾತ್ರ ಗೊತ್ತಾಗುತ್ತದೆ ಎಂದುಕೊಂಡು, ಉಪ್ಪಿನ ಡಬ್ಬಿಯನ್ನು ಸಕ್ಕರೆಯ ಜಾಗಕ್ಕೂ ಸಕ್ಕರೆಯದನ್ನು ಉಪ್ಪಿನ ಜಾಗಕ್ಕೂ ಸರಿಸಿ ಬೆಕ್ಕಿನ ಹೆಜ್ಜೆಯಲ್ಲಿ ಹೊರಬಿದ್ದಳು.

ಸಂಜೆ ಏನೂ ಅರಿಯದವಳಂತೆ ಬಂದು ಬೆಲ್ ಒತ್ತಿದಳು.

ಮಗಳು ಚಹಾಕ್ಕೆ ನೀರಿಟ್ಟಳು. ಸಕ್ಕರೆಯ ಜಾಗದಲ್ಲಿದ್ದ ಡಬ್ಬಿ ತೆಗೆದು, ಚಮಚ ಹಾಕುವ ಮೊದಲು ಒಂದು ಹರಳು ನಾಲಿಗೆಗಿಟ್ಟಳು. ಸ್ಟವ್ ಆರಿಸಿದಳು.

"ಉಪ್ಪು. ಜಾಗ ಬದಲಾಗಿದೆ. ಯಾರೋ ಬಂದಿದ್ರು."

"ನೀನೇ ಮರೆತು ಇಟ್ಟಿರ್ತೀಯ ಕಣೇ."

"ಇಲ್ಲ. ಬೆಳಿಗ್ಗೆ ಏಳೂ ಹತ್ತಕ್ಕೆ ಇಲ್ಲಿ ಸಕ್ಕರೆ ಇತ್ತು." ಟೀಚರ್ ಬರೆಸಿ ಗೋಡೆಗೆ ಅಂಟಿಸಿದ್ದ ಹಾಳೆಯ ಮೇಲೆ ಮಗಳು ಬೆರಳಿಟ್ಟಳು. "ಯಾರೋ ಬಂದಿದ್ರು ಅನ್ಸಿದ್ರೆ, ಬೀಗದ ಕೈ ಯಾರ ಹತ್ರ ಇದೆ ಅಂತ ಯೋಚಿಸ್ಬೇಕು. ಒಂದು ನನ್ನ ಹತ್ರ. ಒಂದು ನಿನ್ನ ಹತ್ರ."

"ಟೀಚರ್ ಹತ್ರ ಇಲ್ವಾ?"

"ಇಲ್ಲ. ನಾನಿದ್ದಾಗಲೇ ಬರ್ತಾರೆ. ಕೂತ್ಕೊಂಡು ನೋಡ್ತಾರೆ. ಏನೂ ಮುಟ್ಟಲ್ಲ. ನೀನು ಬಂದಿದ್ಯಾ?"

ಹುಟ್ಟಿದಾಗಿನಿಂದ ಒಂದೂ ಸುಳ್ಳಾಡದ ಮಗಳ ಎದುರು ತಾಯಿಗೆ ಸುಳ್ಳು ಹೇಳಲಾಗಲಿಲ್ಲ. "ಹೂಂ," ಎಂದಳು. ನಾಚಿಕೆಯಿಂದ ಹಿಡಿಯಷ್ಟಾಗಿಹೋದಳು.

ಮಗಳು ಬೈಯಲಿಲ್ಲ, ಅಳಲಿಲ್ಲ. ಸುಮ್ಮನೆ ಅಂಗೈ ಚಾಚಿದಳು. ತಾಯಿ ಚೀಲ ತಡಕಿ ಬೀಗದ ಕೈಯನ್ನು ಅದರಲ್ಲಿಟ್ಟಳು. ಡಬ್ಬಿಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು, ಆಮೇಲೆ ಚಹಾ ಬಂತು. ಚೆನ್ನಾಗಿಯೇ ಇತ್ತು. ಅದೇ ತಾಯಿಯನ್ನು ಹೆಚ್ಚು ಚುಚ್ಚಿತು.

"ಬರ್ತೀನಿ ಕಣಮ್ಮ," ಎಂದು ಎದ್ದಳು.

"ಯಾವಾಗ?" ಮಗಳು ಆಗಲೇ ಪೆನ್ನು ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಿದ್ದಳು. "ಎಷ್ಟು ಗಂಟೆಗೆ?"

ಹೆತ್ತ ಮಗಳನ್ನು ನೋಡಲು ತಾಯಿ ಮೊದಲ ಸಲ ಹೊತ್ತು ಗೊತ್ತು ಮಾಡಿದಳು. "ಭಾನುವಾರ. ನಾಲ್ಕಕ್ಕೆ."

"ಬೆಲ್ ಮಾಡು," ಎಂದಳು ಮಗಳು, ಬರೆದುಕೊಳ್ಳುತ್ತಾ. "ಬಾಗಿಲು ತೆಗೀತೀನಿ."