ಬಾಣಂತಿಯ ತುರುಬಿಗೆ ಎಣ್ಣೆ

ಬಿಸಿಲು ಅಂಗಳಕ್ಕೆ ಇಳಿಯುವಷ್ಟರಲ್ಲಿ ಹೊನ್ನವ್ವನ ಕಿವಿಯ ಹಿಂದಿನ ಕೂದಲು ಅಂಟಿಕೊಂಡು ಬಿಗಿಯತೊಡಗಿತು. ಬಿಡಿಸಲು ಹೋದ ಬೆರಳಿಗೂ ಅದು ಅಂಟಿತು.

"ಯವ್ವಾ, ಇದು ಎಣ್ಣಿ ಅಲ್ಲಬೇ."

ತಾಯಿ ಕಳಕವ್ವ ಮೂರು ದಿನ ಒಲೆಯ ಮುಂದೆ ಕೂತು ಮಾಡಿದ್ದ ಎಣ್ಣೆ ಅದು. ಕುಸುಬೆ ಎಣ್ಣೆಗೆ ಗರುಗದ ಸೊಪ್ಪು ಹಾಕಿ, ಎಣ್ಣೆ ಗಟ್ಟಿಯಾದಷ್ಟೂ ಕೂದಲು ಗಟ್ಟಿಯಾಗುತ್ತದೆಂದು ಕಾಸಿದ್ದೇ ಕಾಸಿದ್ದು. ಈಗ ಗಡಿಗೆಯೊಳಗೆ ಬೆಲ್ಲದ ಪಾಕದಂಥ ಕರಿಯ ಮುದ್ದೆ ಕೂತಿತ್ತು. ಮಗಳ ತಲೆಗೆಲ್ಲ ಬಳಿಯುವ ಮೊದಲು ಕಿವಿಯ ಹಿಂದೆ ಒಂದಿಷ್ಟಕ್ಕೆ ಹಚ್ಚಿ ನೋಡಿದ್ದೊಂದೇ ಪುಣ್ಯ.

"ಇವತ್ತ ಹಿಂಗ ಆಗಬೇಕಾ," ಎಂದು ಕಳಕವ್ವ ಬಾಗಿಲ ಕಡೆ ನೋಡಿದಳು.

ಇವತ್ತೇ ಹೊನ್ನವ್ವನ ಅತ್ತೆ ಸಿದ್ದಲಿಂಗವ್ವ ರೋಣದಿಂದ ಬರುವವಳಿದ್ದಳು. ಚೊಚ್ಚಲ ಬಾಣಂತನಕ್ಕೆಂದು ರಾಜೂರಿನ ತವರಿಗೆ ಬಂದ ಹೊನ್ನವ್ವ ಹೆತ್ತ ಮೂರು ತಿಂಗಳಿಗೆ ತಿರುಗಿ ಹೋಗಬೇಕಾಗಿತ್ತು. ಆದರೆ ಆ ಬೇಸಿಗೆಯಲ್ಲಿ ನರಗುಂದದ ಅರಸ ಕುಂಪಣಿಯ ಮೇಲೆ ತಿರುಗಿಬಿದ್ದ ಗದ್ದಲವೆದ್ದು, ದಾರಿಯ ತುಂಬ ದಂಡು ಓಡಾಡಿ, ಹೆಂಗಸರು ಕೂತ ಗಾಡಿ ಊರು ದಾಟುವುದೇ ನಿಂತುಹೋಯಿತು. ಐದು ತಿಂಗಳಾದವು. ಮೂರು ತಿಂಗಳವರೆಗೆ ನೆಟ್ಟಗಿದ್ದ ಕೂದಲು ಈ ಎರಡು ತಿಂಗಳಲ್ಲೇ ಉದುರಿತು. ಮೊದಲೇ ರೇಶಿಮೆ ಎಳೆಯಂಥ ಸಣ್ಣ ಕೂದಲು. ಈಗ ಬೈತಲೆಯ ಎರಡೂ ಬದಿಗೆ ನೆತ್ತಿಯ ಚರ್ಮ ಕಾಣುತ್ತಿತ್ತು.

ನಿನ್ನೆ ಅತ್ತೆಯ ಗಾಡಿ ಹೊಡೆಯುವ ಪರಶಪ್ಪ ಮುಂಚಿತವಾಗಿ ಬಂದು ಆಕೆಯ ಮಾತನ್ನು ಇದ್ದ ಹಾಗೇ ಒಪ್ಪಿಸಿದ್ದ. "ಬಾಣಂತಿಗೆ ತಲಿ ತುಂಬ ಕೂದಲಿದ್ರ ಇಬ್ಬರನ್ನೂ ಕರಕೊಂಡ ಹೋಗ್ತಾರಂತ್ರಿ. ತಲಿ ಉದರಿದ್ರ ಕೂಸನ್ನ ಅಷ್ಟ. ಕೂಸಿಗೆ ಹಾಲ ಕುಡಸಾಕ ನಮ್ಮೂರ ಮಾನವ್ವನ್ನ ಗೊತ್ತ ಮಾಡ್ಯಾರ್ರಿ."

ಸಿದ್ದಲಿಂಗವ್ವನ ಹಿರಿಯ ಸೊಸೆಗೂ ಹೆತ್ತ ಮೇಲೆ ಹೀಗೇ ಕೂದಲು ಉದುರಿತ್ತು. ಅವಳ ಕೂಸು ಆರು ತಿಂಗಳೂ ಬದುಕಲಿಲ್ಲ. ಕೂದಲು ನಿಲ್ಲದ ಮೈಯ ಹಾಲಿನಲ್ಲಿ ಕಸುವಿಲ್ಲ ಎಂದು ಅಂದೇ ಸಿದ್ದಲಿಂಗವ್ವ ಖಾತ್ರಿ ಮಾಡಿಕೊಂಡಿದ್ದಳು. ಆ ಮನೆಯಲ್ಲಿ ಬಾಣಂತಿಯನ್ನು ಕರೆದೊಯ್ಯುವ ದಿನ ಅತ್ತೆಯೇ ತುರುಬು ಬಿಚ್ಚಿ, ಎಣ್ಣೆ ಹಚ್ಚಿ, ಬಾಚಿ ಕಟ್ಟಿ ಗಾಡಿ ಹತ್ತಿಸಬೇಕು. ಉದುರಿದ್ದನ್ನು ಮುಚ್ಚಿಡಲು ದಾರಿಯೇ ಇರಲಿಲ್ಲ.

ಕಳಕವ್ವ ಓಡಿಹೋಗಿ ಹಸನಬಿಯನ್ನು ಕರೆತಂದಳು. ಮನೆಮನೆಗೆ ಹೊತ್ತು ತಲೆಯ ಎಣ್ಣೆ ಮಾರುವ ಹೆಂಗಸು. ಗಡಿಗೆಗೆ ಬೆರಳಿಟ್ಟು ಎಳೆದಳು. ಎಣ್ಣೆ ದಾರದಂತೆ ಬಂತು.

"ಇದನ್ನ ಬಾವಿ ಮ್ಯಾಲಿನ ತೊಗಲ ಬಾನಿಗೆ ಬಳೀತಾರ್ರಿ ಅವ್ವಾರ, ನೀರ ಸೋರಬಾರದಂತ. ಕುಸುಬಿ ಎಣ್ಣಿ ಭಾಳ ಕಾಸಿದ್ರ ಹಿಂಗ ಆಗತೈತಿ. ಮಗಳ ತಲಿಯೊಳಗ ಮಳಿನೀರ ಇಳೀಬಾರದು ಅಂತಿದ್ರ ಹಚ್ರಿ."

"ನಗಿಚಾಟಿಕಿ ಸಾಕ. ಬೀಗತಿ ಬರೂ ಹೊತ್ತಾತು."

ಹಸನಬಿ ಎಳ್ಳೆಣ್ಣೆ ಬೆಚ್ಚಗೆ ಮಾಡಿಸಿ, ಅಂಟಿದ ಎಳೆಗಳನ್ನು ಒಂದೊಂದಾಗಿ ಸಡಿಲಿಸಿ, ಸೀಗೆಕಾಯಿ ಹಾಕಿ ತೊಳೆದಳು. ಆದರೂ ಒಂದು ಹಿಡಿ ಕೂದಲು ಅವಳ ಕೈಯಲ್ಲೇ ಉಳಿಯಿತು. ಹೊನ್ನವ್ವ ಅದನ್ನು ನೋಡದೆ ತೊಟ್ಟಿಲು ತೂಗಿದಳು.

"ಔಡಲ ಎಣ್ಣಿ ಹಚ್ಚಿ ಬಿಗಿಯಾಗಿ ಕಟ್ಟಿದ್ರ?" ಎಂದಳು ಕಳಕವ್ವ.

"ದಪ್ಪ ಕೂದಲಿನವರಿಗೆ ಅದು. ಈಕೀದು ಸಣ್ಣ ಎಳಿ. ಔಡಲ ಬಿದ್ರ ಹತ್ತ ಎಳಿ ಕೂಡಿ ಒಂದಾಗತಾವ, ನಡುವ ತಲಿ ಬಯಲ ಬೀಳತೈತಿ."

"ಕೊಬ್ರಿ ಎಣ್ಣಿ?"

"ಘಟ್ಟದ ಕೆಳಗಿಂದ ಬರಬೇಕದು. ದಂಡಿನ ಗದ್ದಲದಾಗ ಯಾರ ತರತಾರ್ರಿ? ನನ್ನ ಹಂತ್ಯಾಕ ಇದ್ದದ್ದು ಮುಗ್ಗಲ ಹಿಡದೈತಿ. ಬೀಗತ್ಯಾರು ಮೂಗ ಮುಚ್ಚಿಕೊಂಡ ಹೋದಾರು."

ಕಡೆಗೆ ಒಂದು ಸಣ್ಣ ಕುಪ್ಪಿಯ ಬಿರಡೆ ತೆಗೆದಳು. ಎಳ್ಳಿನ ಮೇಲೆ ಮಲ್ಲಿಗೆ ಹರವಿ, ದಿನವೂ ಹೂ ಬದಲಿಸಿ, ಆಮೇಲೆ ಗಾಣಕ್ಕೆ ಹಾಕಿ ತೆಗೆದದ್ದು. ಹೊನ್ನವ್ವನ ಅಂಗೈಗೆ ನಾಲ್ಕೇ ಹನಿ ಬಿಟ್ಟಳು.

"ತಿಕ್ಕು ತಂಗಿ. ಅಂಗೈ ಬಿಸಿ ಆಗಲಿ. ಕೂದಲ ನಡುವಿಂದ ತುದಿಗೆ ಎಳಕೋ. ಬುಡಕ್ಕ ಮುಟ್ಟಸಬ್ಯಾಡ. ಹಚ್ಚಿದ್ದನ್ನ ತೊಳಿಯಾಕ ಹೋಗಬ್ಯಾಡ, ಹಂಗ ಬಿಡು."

ಒಣಗಿದ ಬುಡದಿಂದ ಕೂದಲು ಹಗುರಾಗಿ ಎದ್ದು ನಿಂತಿತು. ಹೊನ್ನವ್ವ ಕನ್ನಡಿ ಹಿಡಿದಳು. ಬೈತಲೆ ತೆಳ್ಳಗೆ ಕಂಡಿತು, ಅಷ್ಟೇ. ಬೀಗತಿಯ ಕೈಗೆ ಸಿಗದಿರಲೆಂದು ಕಳಕವ್ವ ಮನೆಯ ಔಡಲೆಣ್ಣೆಯ ಗಡಿಗೆಯನ್ನು ಎತ್ತಿ ಜೋಳದ ಚೀಲದ ಮರೆಗಿಟ್ಟಳು. ಅತ್ತೆಯ ಮುಂದಿಡುವ ಬಟ್ಟಲಿಗೆ ಮಲ್ಲಿಗೆ ಎಣ್ಣೆಯನ್ನು ತಳ ಮುಚ್ಚುವಷ್ಟೇ ಬಿಟ್ಟಳು.

ಹೊತ್ತು ನೆತ್ತಿಗೆ ಬರುವ ಮುನ್ನ ಗಾಡಿ ಬಂತು. ಸಿದ್ದಲಿಂಗವ್ವ ಇಳಿದು, ಕಾಲಿಗೆ ನೀರು ಹಾಕಿಕೊಂಡು, ಮೊದಲು ಮೊಮ್ಮಗನನ್ನು ಎತ್ತಿಕೊಂಡಳು. ತೊಡೆ ಹಿಚುಕಿ ನೋಡಿದಳು.

"ಬೀಗತ್ಯಾರ, ಕೂಸು ಚಲೋ ಐತಿ. ತಾಯಿ ಹ್ಯಾಂಗದಾಳ?"

"ನೀವ ನೋಡ್ರಲ್ಲ," ಎಂದ ಕಳಕವ್ವನ ದನಿ ಸಣ್ಣದಾಗಿತ್ತು.

ಹೊನ್ನವ್ವ ಮಣೆಯ ಮೇಲೆ ಕೂತಳು. ಕೂಸು ಅವಳ ತೊಡೆಯ ಮೇಲೆ ಬಂತು. ಅತ್ತೆಯ ಬೆರಳು ತುರುಬಿನ ಗಂಟಿಗೆ ತಾಕಿತು. ಕೂದಲು ಬೆನ್ನಿಗೆ ಬಿತ್ತು. ಬಾಚಣಿಗೆ ಒಂದು ಸಲ ಇಳಿಯಿತು, ಇನ್ನೊಂದು ಸಲ ಇಳಿಯಿತು. ಬಾಚಣಿಗೆಗೆ ಬಂದ ಕೂದಲನ್ನು ಅತ್ತೆ ಬೆರಳಿಗೆ ಸುತ್ತುತ್ತಿದ್ದುದು ಅವಳಿಗೆ ಗೋಡೆಯ ಮೇಲಿನ ನೆರಳಲ್ಲಿ ಕಾಣುತ್ತಿತ್ತು.

"ಬಟ್ಟಲದಾಗ ಎಣ್ಣಿ ಇಟ್ಟೀರೋ, ತೀರ್ಥ ಇಟ್ಟೀರೋ?" ಎಂದಳು ಸಿದ್ದಲಿಂಗವ್ವ. ತನ್ನ ಗಂಟು ಬಿಚ್ಚಿ, ರೋಣದಿಂದ ತಂದಿದ್ದ ಔಡಲೆಣ್ಣೆಯ ಕುಡಿಕೆ ತೆಗೆದು, ಅಂಗೈ ತುಂಬ ಸುರಿದುಕೊಂಡಳು.

ಹೊನ್ನವ್ವ ತಲೆ ಸರಿಸಿದಳು. ಮದುವೆಯಾದಾಗಿನಿಂದ ಅತ್ತೆಯ ಕೈಯಿಂದ ಹಾಗೆ ಸರಿದದ್ದು ಅದೇ ಮೊದಲು.

"ಆ ಎಣ್ಣಿ ಬ್ಯಾಡ್ರಿ ಅತ್ತಿಯಾರ. ನಂದು ಸಣ್ಣ ಕೂದಲ. ಅಂಟತೈತಿ."

"ಅಂಟಿದ್ರ ತಲಿ ಕಾಣತೈತಿ, ಹೌದಲ್ಲ?" ಅತ್ತೆ ಎಣ್ಣೆಯನ್ನು ಮರಳಿ ಕುಡಿಕೆಗೆ ಹೊಯ್ದಳು. "ನನಗ ಎಣ್ಣಿ ಹಚ್ಚೂಕಿಂತ ಮೊದಲ ಕಂಡೈತಿ. ಬೀಗತ್ಯಾರ, ಸಿಟ್ಟಾಗಬ್ಯಾಡ್ರಿ. ಒಂದ ಕೂಸನ್ನ ಈ ಕೈಯಾರೆ ಮಣ್ಣಿಗಿಟ್ಟೇನಿ. ಇದನ್ನ ಕರಕೊಂಡ ಹೋಗ್ತೇನಿ. ಈಕಿ ದೀಪಾವಳಿತನಕಾ ಇಲ್ಲೇ ಇರಲಿ. ಪರಶಪ್ಪಾ, ಎತ್ತ ಹೂಡು."

ಕಳಕವ್ವ ಸೆರಗು ಬಾಯಿಗೊತ್ತಿಕೊಂಡಳು. ಅತ್ತೆಯ ಕೈ ಕೂಸಿನ ಕಂಕುಳಿಗೆ ಬಂತು.

ಹೊನ್ನವ್ವನಿಗೆ ತಾನು ಎದ್ದದ್ದೇ ತಿಳಿಯಲಿಲ್ಲ. ಕೂಸನ್ನು ಎದೆಗವಚಿಕೊಂಡು, ಬಿಚ್ಚಿದ ತಲೆಯಲ್ಲೇ ಹೊಸ್ತಿಲು ದಾಟಿ, ಅಂಗಳ ದಾಟಿ, ಓಣಿಯಲ್ಲಿ ನಿಂತ ಗಾಡಿ ಹತ್ತಿ ಕೂತಳು. ಮುತ್ತೈದೆ ತಲೆ ಬಿಚ್ಚಿಕೊಂಡು ಓಣಿಗೆ ಬರುವುದು ಮನೆಯಲ್ಲಿ ಸಾವಾದಾಗ ಮಾತ್ರ. ನೀರು ಹೊತ್ತು ಬರುತ್ತಿದ್ದ ಇಬ್ಬರು ಹೆಂಗಸರು ಕೊಡದ ಸಮೇತ ನಿಂತರು. ಪರಶಪ್ಪ ನೊಗ ಬಿಟ್ಟು ಮುಖ ತಿರುಗಿಸಿಕೊಂಡ.

ಸಿದ್ದಲಿಂಗವ್ವ ಬಾಗಿಲಿಗೆ ಬಂದಳು. ದನಿ ಏರಿಸಲಿಲ್ಲ. "ಒಳಗ ಬಾ. ತಲಿ ಕಟ್ಟಿಕೋ."

"ಬಿಚ್ಚಿದವರು ನೀವ್ರಿ." ಹೊನ್ನವ್ವ ಅತ್ತೆಯ ಮುಖ ನೋಡಲಾಗದೆ ಎತ್ತಿನ ಕೊಂಬು ನೋಡುತ್ತ ಮಾತಾಡಿದಳು. "ಬಿಚ್ಚಿದ ಕೈಲೇನ ಕಟ್ಟಬೇಕು. ನಾ ಕಟ್ಟಿಕೊಂಡ್ರ ನಿಮ್ಮ ಮಗನಿಗೆ ಒಳ್ಳೇದಲ್ಲ. ಇಲ್ಲಿ ಕಟ್ರಿ, ಇಲ್ಲಾ ರೋಣದಾಗ ಕಟ್ರಿ. ಕೂಸ ಎಲ್ಲಿ, ನಾ ಅಲ್ಲಿ."

"ಹಿಂಗ ಮೂರ ಊರ ದಾಟತೀಯಾ?"

"ದಾಟತೇನ್ರಿ."

ಕೂಸು ಅಷ್ಟರಲ್ಲಿ ಸೆರಗಿನೊಳಗೆ ಮುಖ ಹೊಗಿಸಿ ಹಾಲಿಗೆ ಬಿದ್ದಿತ್ತು. ಅದು ಗುಟುಕು ಗುಟುಕಾಗಿ ನುಂಗುವುದು ಎಲ್ಲರಿಗೂ ಕೇಳಿಸಿತು. ಒಮ್ಮೆ ಕೆಮ್ಮಿ ಬಾಯಿ ತೆಗೆಯಿತು. ಗಲ್ಲದ ಮೇಲೆ ಹಾಲು ಹರಿದು ಹೊನ್ನವ್ವನ ಮೊಣಕೈಗೆ ಇಳಿಯಿತು. ಸಿದ್ದಲಿಂಗವ್ವ ಅದನ್ನು ನೋಡುತ್ತ ನಿಂತಳು. ಆಮೇಲೆ ನೀರಿನ ಹೆಂಗಸರ ಕಡೆ ತಿರುಗಿ, "ನಿಮ್ಮ ಮನ್ಯಾಗ ಒಲಿ ಹಚ್ಚೂದಿಲ್ಲೇನ್ರವಾ?" ಎಂದಳು. ಅವರು ಹೊರಟರು.

"ಕಳಕವ್ವಾರ, ಆ ತೀರ್ಥದ ಬಟ್ಟಲ ಕೊಡ್ರಿ."

ಗಾಡಿ ಹತ್ತಿ ಸೊಸೆಯ ಬೆನ್ನಿಗೆ ಕೂತಳು. ಎಣ್ಣೆ ಅಂಗೈಯಲ್ಲಿ ತಿಕ್ಕುವ ಸದ್ದು ಕೇಳಿತು.

"ಬುಡಕ್ಕ ಬ್ಯಾಡ್ರಿ," ಎಂದಳು ಹೊನ್ನವ್ವ ಮೆಲ್ಲಗೆ.

"ಸುಮ್ಮನ ಕೂಡು. ಕೂಸು ಸೊರಗಿದ್ರ ಮಾನವ್ವನ್ನ ಕರೀತೇನಿ. ಆವಾಗ ಹಿಂಗ ಗಾಡಿ ಹತ್ತಿ ಕೂತ್ರ ನಡಿಯೂದಿಲ್ಲ."

"ಸೊರಗಿದ್ರ ನಾನ ಕರದ ತರತೇನ್ರಿ."

ತುರುಬು ನಿಂಬೆಹಣ್ಣಿಗಿಂತ ದೊಡ್ಡದಾಗಲಿಲ್ಲ. ಸಿದ್ದಲಿಂಗವ್ವ ಅದಕ್ಕೆ ಹೂ ಸುತ್ತಿ, ಸೆರಗು ಹೊದಿಸಿದಳು. ಪರಶಪ್ಪ ಎತ್ತು ಹೊಡೆದ. ಊರ ಅಗಸಿ ಬಾಗಿಲು ದಾಟುವಾಗ ಗಾಳಿ ಬೀಸಿತು. ಸೆರಗು ಜಾರದಂತೆ ಅತ್ತೆಯ ಕೈ ಸೊಸೆಯ ತಲೆಯ ಮೇಲೆ ಭಾರವಾಗಿ ಕೂತೇ ಇತ್ತು.